ಘಟ್ಟದ ಕೂಲಿಯೂ ಮೇಸ್ತ್ರಿಯ ಹತ್ತನೆಯ ಪಾಲೂ

2020ನೆಯ ಇಸವಿಯ ಮಹಾಮಾರಿಯ ದಿನಗಳಲ್ಲಿ ನನ್ನ ಪೂರ್ವವಿದ್ಯಾರ್ಥಿಯೊಬ್ಬನು ಬೆಂಗಳೂರನ್ನು ಬಿಟ್ಟು ಶಂಕರಪುರದ ತನ್ನ ಮನೆಗೆ ಬಂದು ತಿಂಗಳುಗಟ್ಟಲೆ ಇಲ್ಲಿಯೇ ಇದ್ದನು. ಒಂದು ಸಾಯಂಕಾಲ ನಮ್ಮ ಚಾವಡಿಯಲ್ಲಿ ಕುಳಿತು, ಮಲ್ಲಿಗೆ ಕಟ್ಟುತ್ತಿದ್ದ ಮನೆಯ ಹೆಂಗಸರ ಮಾತಿನ ನಡುವೆ, ಆತನು ನನ್ನ ಮುಂದೆ ಒಂದು ಲೆಕ್ಕವನ್ನಿಟ್ಟನು. ಆತನು ಮಾಡುತ್ತಿದ್ದುದು ಒಂದು ದೊಡ್ಡ ಸಂಸ್ಥೆಯ ಕೆಲಸ. ಆದರೆ ಸಂಬಳ ಬರುತ್ತಿದ್ದುದು ಆ ಸಂಸ್ಥೆಯಿಂದಲ್ಲ, ಆಳುಗಳನ್ನು ಒದಗಿಸಿಕೊಡುವ ಒಂದು ಏಜೆನ್ಸಿಯಿಂದ. ಸಂಸ್ಥೆಯು ಇವನ ಬಾಬ್ತು ಏಜೆನ್ಸಿಗೆ ತಿಂಗಳಿಗೆ 50,000 ರೂಪಾಯಿ ಕೊಡುತ್ತಿತ್ತು. ಏಜೆನ್ಸಿಯು 10,000ವನ್ನು ತನ್ನಲ್ಲಿಟ್ಟುಕೊಂಡು ಇವನಿಗೆ 40,000 ಕೊಡುತ್ತಿತ್ತು. ವ್ಯಾಪಾರವು ಇಳಿಮುಖವಾದಾಗ ಸಂಸ್ಥೆಯು ನೂರಕ್ಕೆ ಹತ್ತರಂತೆ ದರವನ್ನು ತಗ್ಗಿಸಿ 45,000 ಎಂದಿತು. ಏಜೆನ್ಸಿಯಾದರೋ ತನ್ನ 10,000ವನ್ನು ಕದಲಿಸದೆ ಇವನಿಗೆ 35,000 ಕೊಟ್ಟಿತು. ಸಂಸ್ಥೆಯ ಬಿಲ್ಲೊಂದು ಆಕಸ್ಮಿಕವಾಗಿ ಕಣ್ಣಿಗೆ ಬಿದ್ದುದರಿಂದ ಇದು ಇವನಿಗೆ ತಿಳಿಯಿತೇ ಹೊರತು ಯಾರೂ ಹೇಳಿ ತಿಳಿದುದಲ್ಲ. “ಮಾಷ್ಟ್ರೇ, ಎಲ್ಲರಿಗೂ ನೂರಕ್ಕೆ ಹತ್ತು ಇಳಿಯಿತು ಎಂದು ಹೇಳಿದರು, ನನಗೆ ಇಳಿದದ್ದು ಹನ್ನೆರಡೂವರೆ, ಅವರಿಗೆ ಇಳಿದದ್ದು ಸೊನ್ನೆ. ಇದನ್ನು ಕೇಳುವುದು ಹೇಗೆ?” ಎಂದನು.

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಪಾಠಶಾಲೆಯಲ್ಲಿ ವ್ಯಾಕರಣ, ಧರ್ಮಶಾಸ್ತ್ರಗಳನ್ನು ಓದಿದವನಿಗೆ ಏಜೆನ್ಸಿಯ ಬಿಲ್ಲು ಎಲ್ಲಿಂದ ಅರ್ಥವಾಗಬೇಕು? ಆದರೆ ಆ ರಾತ್ರಿ ಮಲಗಿದಾಗ, ಇದು ನಮ್ಮ ಜಿಲ್ಲೆಗೆ ಹೊಸ ಲೆಕ್ಕವಲ್ಲ, ನಮ್ಮ ಹಿರಿಯರ ಕಾಲದಲ್ಲಿ ಸಾವಿರಾರು ಜನರು ಇದೇ ಲೆಕ್ಕದಲ್ಲಿ ಸಿಕ್ಕಿ ಘಟ್ಟ ಹತ್ತಿ ಇಳಿದಿದ್ದಾರೆ ಎಂಬುದು ಹೊಳೆಯಿತು. ಕೆಲಸ ಕೊಡುವವನಿಗೂ ಕೆಲಸ ಮಾಡುವವನಿಗೂ ನಡುವೆ ನಿಂತವನ ಪಾಲು ಎಷ್ಟು, ಕೆಟ್ಟ ಕಾಲದಲ್ಲಿ ಆ ಪಾಲು ಇಳಿಯುತ್ತದೆಯೋ ನಿಲ್ಲುತ್ತದೆಯೋ ಎಂಬ ಪ್ರಶ್ನೆಗೆ ಕಾಫಿ ತೋಟಗಳ ಮೇಸ್ತ್ರಿಯ ಚರಿತ್ರೆಯಲ್ಲಿ ಬೇಕಾದಷ್ಟು ಸಾಮಗ್ರಿಯಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನನ್ನ ಶಾಸ್ತ್ರದ ಮಾತೊಂದನ್ನು ಹೇಳಿಬಿಡುತ್ತೇನೆ. ಮುಂದೆ ಅದರ ಉಪಯೋಗವುಂಟು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ವೇತನವನ್ನು ಕೊಡದಿರುವುದೂ ಒಂದು. ಕೂಲಿಯನ್ನು ಮೊದಲೇ ಗೊತ್ತುಮಾಡದೆ ದುಡಿಸಿಕೊಂಡವನು ವ್ಯಾಪಾರದಲ್ಲಿ, ಪಶುಪಾಲನೆಯಲ್ಲಿ, ಬೆಳೆಯಲ್ಲಿ ಹುಟ್ಟಿದುದರ ಹತ್ತನೆಯ ಒಂದು ಪಾಲನ್ನು ಆಳಿಗೆ ಕೊಡಬೇಕೆಂದು ಯಾಜ್ಞವಲ್ಕ್ಯನ ಮತ. ಕೌಟಿಲ್ಯನದೂ ಇದೇ ಅಭಿಪ್ರಾಯ. ಅಷ್ಟೇ ಅಲ್ಲ, ವೇತನವನ್ನು ಪಡೆದೂ ಕೆಲಸ ಮಾಡದ ಭೃತಕನಿಗೆ ಹನ್ನೆರಡು ಪಣ ದಂಡವನ್ನೂ ಕೆಲಸ ಮುಗಿಯುವ ಪರ್ಯಂತ ನಿರೋಧವನ್ನೂ ವಿಧಿಸಿದ ಕೌಟಿಲ್ಯನು, ವೇತನ ಕೊಡದ ಒಡೆಯನಿಗೂ ಆ ವೇತನದ ದಶಾಂಶವನ್ನೋ ಆರು ಪಣಗಳನ್ನೋ ದಂಡವಾಗಿ ಹೇಳಿದ್ದಾನೆ. ರೋಗವೋ ಆಪತ್ತೋ ಬಂದರೆ ಆಳಿಗೆ ಒಪ್ಪಂದದಿಂದ ಹಿಂದೆಗೆಯುವ, ಇಲ್ಲವೆ ಬೇರೊಬ್ಬನಿಂದ ಮಾಡಿಸಿಕೊಡುವ ಅವಕಾಶವನ್ನೂ ಇಟ್ಟಿದ್ದಾನೆ. ಗುಂಪಾಗಿ ಕೂಲಿಗೆ ನಿಂತವರು, ಅವನ ಮಾತಿನಲ್ಲಿ ಸಂಘಭೃತರು, ಬಂದ ವೇತನವನ್ನು ತಮ್ಮೊಳಗೆ ಮಾತಾಡಿಕೊಂಡಂತೆಯೋ ಸಮವಾಗಿಯೋ ಹಂಚಿಕೊಳ್ಳಬೇಕೆಂದೂ ಹೇಳಿದ್ದಾನೆ. ಈ ಗ್ರಂಥವು ಬಹುಕಾಲ ಮರೆಯಲ್ಲಿದ್ದು, ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಯಿತು. ಅದೇ ಮೈಸೂರು ಸೀಮೆಯ ತೋಟಗಳಲ್ಲಿ ಆಗ ನಡೆಯುತ್ತಿದ್ದ ಪದ್ಧತಿಯು ಹೇಗಿತ್ತೆಂಬುದನ್ನು ನೋಡಿದರೆ, ಇಬ್ಬರನ್ನೂ ದಂಡಿಸುವ ಆ ಹಳೆಯ ವಿಧಿಯ ಬೆಲೆ ತಿಳಿಯುತ್ತದೆ.

ಬಾಬಾಬುಡನ್ ಗಿರಿಯಲ್ಲಿ ಕಾಫಿಯು ಮೊದಲಿನಿಂದಲೂ ಇದ್ದರೂ ಬಿಳಿಯರ ದೊಡ್ಡ ತೋಟಗಳು ಎದ್ದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಚಿಕ್ಕಮಗಳೂರಿನ ಬಳಿ ಕ್ಯಾನನ್ ಎಂಬವನು ಸುಮಾರು 1830ರಲ್ಲಿಯೂ, ಮಡಿಕೇರಿಯ ಬಳಿ ಫೌಲರ್ ಎಂಬವನು 1854ರಲ್ಲಿಯೂ ತೋಟವನ್ನು ತೆರೆದರು. ಆಮೇಲೆ ಮಂಜರಾಬಾದು, ಮೂಡಿಗೆರೆ, ಕೊಪ್ಪ, ಕೊಡಗುಗಳಲ್ಲಿ ಕಾಡು ಕಡಿದು ಗಿಡ ನೆಟ್ಟವರಿಗೆ ಲೆಕ್ಕವಿಲ್ಲ. ಭೂಮಿ ಇತ್ತು, ಹಣ ಇತ್ತು, ಮಳೆ ಇತ್ತು, ಕೈಗಳಿರಲಿಲ್ಲ. ಮಲೆನಾಡಿನಲ್ಲಿ ಜನಸಂಖ್ಯೆ ಕಡಿಮೆ; ಇದ್ದವರಿಗೆ ತಮ್ಮ ಗದ್ದೆಯ ಕೆಲಸವೇ ಸಾಕು. ಆದುದರಿಂದ ತೋಟದ ದೊರೆಗಳ ದೃಷ್ಟಿಯು ಎರಡು ಕಡೆಗೆ ಹೋಯಿತು: ಪೂರ್ವದ ಬಯಲುಸೀಮೆಗೆ ಮತ್ತು ಘಟ್ಟದ ಕೆಳಗಿನ ನಮ್ಮ ಕನ್ನಡ ಜಿಲ್ಲೆಗೆ.

ನಮ್ಮವರಿಗೆ ಆ ಕೆಲಸವು ಋತುಮಾನಕ್ಕೆ ಹೊಂದಿಕೊಂಡಿತ್ತು. ಏಣೆಲು ಬೆಳೆಯ ಕೊಯ್ಲು ಮುಗಿದ ಮೇಲೆ ಎರಡನೆಯ ಬೆಳೆಯಿಲ್ಲದ ಗದ್ದೆಗಳ ಆಳುಗಳಿಗೆ ಕೈಗೆ ಕೆಲಸವಿರಲಿಲ್ಲ. ಘಟ್ಟದ ಮೇಲೆ ಕಾಫಿಯ ಹಣ್ಣು ಕೆಂಪಾಗುವುದೂ ಆಗಲೇ. ಹೀಗಾಗಿ ಮಳೆ ನಿಂತೊಡನೆ ಹತ್ತಿ, ಪತ್ತನಾಜೆಯ ಹೊತ್ತಿಗೆ, ಎಂದರೆ ಮತ್ತೆ ಮಳೆ ಹಿಡಿಯುವುದರೊಳಗೆ, ಇಳಿದು ಬರುವ ಒಂದು ರೂಢಿ ಬೆಳೆಯಿತು. ಈ ಕಡೆಯವರು ಹೆಬ್ರಿ, ಸೋಮೇಶ್ವರಗಳ ಮೇಲೆ ಆಗುಂಬೆ ಘಾಟಿಯಿಂದ ಕೊಪ್ಪದ ಸೀಮೆಗೂ, ಬೆಳ್ತಂಗಡಿಯ ಕಡೆಯವರು ಚಾರ್ಮಾಡಿಯಿಂದ ಮೂಡಿಗೆರೆಗೂ, ಪುತ್ತೂರು ಸುಳ್ಯದವರು ಸಂಪಾಜೆಯಿಂದ ಮಡಿಕೇರಿಗೂ ನಡೆದೇ ಹೋಗುತ್ತಿದ್ದರು. ಊರಿನಲ್ಲಿ ಕೂಲಿಯೆಂದರೆ ಭತ್ತವೋ ಅಕ್ಕಿಯೋ. ಘಟ್ಟದಲ್ಲಿ ಅದು ಬೆಳ್ಳಿಯ ನಾಣ್ಯ. ಮದುವೆಗೋ ಸಾಲಕ್ಕೋ ನಾಣ್ಯ ಬೇಕಾದವನಿಗೆ ಘಟ್ಟವೇ ದಾರಿ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಹೋದವರಲ್ಲಿ ಬಹುಮಂದಿ ನಮ್ಮ ಹಿರಿಯರು ಊರಿನ ಅಂಚಿನಲ್ಲಿಟ್ಟಿದ್ದ ಜಾತಿಗಳವರು. ಮೂಲದಾಳುಗಳೆಂದು ಭೂಮಿಯೊಡನೆಯೇ ಕೈಬದಲಾಗುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು. 1843ರ ಐದನೆಯ ಆಕ್ಟು ದಾಸ್ಯವನ್ನು ನ್ಯಾಯಾಲಯವು ಮನ್ನಿಸದಂತೆ ಮಾಡಿತಾದರೂ ಒಡೆಯನ ಅಂಗಳದಲ್ಲಿ ಅದರ ಸುದ್ದಿ ನಿಧಾನವಾಗಿಯೇ ಮುಟ್ಟಿತು. ಅಂಥವನಿಗೆ ಮೇಸ್ತ್ರಿಯ ಮುಂಗಡವು ಒಂದು ಬಂಧನವಾಗಿದ್ದಂತೆಯೇ ಇನ್ನೊಂದು ಬಂಧನದಿಂದ ಹೊರಬರುವ ಬಾಗಿಲೂ ಆಗಿತ್ತು. ಮೇಸ್ತ್ರಿಯನ್ನು ಕೇವಲ ರಾಕ್ಷಸನೆಂದು ಬರೆಯುವವರು ಊರಿನಲ್ಲಿದ್ದ ಒಡೆಯನನ್ನು ಮರೆತಿರುತ್ತಾರೆಂದು ನನಗೆ ಅನಿಸಿದೆ.

ಇನ್ನು ಪದ್ಧತಿಯ ವಿಷಯ. ತೋಟದ ದೊರೆಗೆ ನಮ್ಮ ಹಳ್ಳಿಗಳ ಪರಿಚಯವಿಲ್ಲ, ತುಳು ಭಾಷೆ ಬಾರದು. ಆತನು ಮಳೆಗಾಲದಲ್ಲಿಯೇ ಮೇಸ್ತ್ರಿಯನ್ನು ಕರೆಸಿ, ಇಷ್ಟು ಆಳುಗಳನ್ನು ಇಂಥ ದಿನಕ್ಕೆ ತರತಕ್ಕದ್ದೆಂದು ಕಾಗದ ಬರೆಯಿಸಿಕೊಂಡು, ತಲೆಗೆ ಇಷ್ಟೆಂದು ಮುಂಗಡ ಹಣವನ್ನು ಕೊಡುತ್ತಿದ್ದನು. ಮೇಸ್ತ್ರಿಯು ಊರಿಗಿಳಿದು ಮನೆಮನೆಗೆ ಹೋಗಿ ಆ ಹಣವನ್ನು ಹಂಚಿ ಆಳುಗಳನ್ನು ಗೊತ್ತುಮಾಡುತ್ತಿದ್ದನು. ತೋಟಕ್ಕೆ ಬಂದ ಮೇಲೆ ಹಾಜರಿಯ ಪುಸ್ತಕವು ತೋಟದ ರೈಟರ ಕೈಯಲ್ಲಿ. ಕೂಲಿಯ ಬಟವಾಡೆಯು ಬಹುಮಟ್ಟಿಗೆ ಮೇಸ್ತ್ರಿಯ ಮುಖಾಂತರ. ತನ್ನ ತಂಡವು ಗಳಿಸಿದ ಕೂಲಿಯ ಮೇಲೆ ಮೇಸ್ತ್ರಿಗೆ ದೊರೆಯು ಕೊಡುತ್ತಿದ್ದ ಕಮಿಷನು ದಕ್ಷಿಣದ ತೋಟಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು. ಯಾಜ್ಞವಲ್ಕ್ಯನು ದುಡಿದವನಿಗೆ ಹೇಳಿದ ದಶಾಂಶವು ಇಲ್ಲಿ ದುಡಿಸಿದವನಿಗೆ ಸಂದಿತು ಎಂದು ಪಾಠಶಾಲೆಯ ವಿದ್ಯಾರ್ಥಿಯು ಹಾಸ್ಯಮಾಡಬಹುದು.

ಈ ಹತ್ತರಲ್ಲಿ ಎಲ್ಲವೂ ಲಾಭವಲ್ಲ. ಮುಂಗಡವನ್ನು ಪಡೆದ ಆಳು ದಾರಿಯಲ್ಲಿ ತಪ್ಪಿಸಿಕೊಂಡರೆ, ಮಲೆನಾಡಿನ ಚಳಿಜ್ವರ ಹಿಡಿದು ಮಲಗಿದರೆ, ಸತ್ತರೆ, ಆ ಹಣಕ್ಕೆ ಮೇಸ್ತ್ರಿಯೇ ಜವಾಬುದಾರ. ಕಾಗದವು ಅವನ ಹೆಸರಿನಲ್ಲಿಯೇ ಇತ್ತು. ದಾರಿಯ ಊಟದ ಖರ್ಚು, ಊರಿನ ಗುರಿಕಾರನಿಗೋ ಭೂಮಾಲಿಕನಿಗೋ ಕೊಡಬೇಕಾದ ಮರ್ಯಾದೆ, ಇವೂ ಅದರಿಂದಲೇ. ಈಗಿನ ಏಜೆನ್ಸಿಯವರೂ ತಮ್ಮ ಪಾಲಿಗೆ ಇಂಥ ಕಾರಣಗಳನ್ನೇ ಹೇಳುತ್ತಾರೆ, ಅವು ಸುಳ್ಳಲ್ಲ. ಹುಡುಕುವ ಖರ್ಚೂ ನಷ್ಟದ ಭಯವೂ ನಿಜವಾದವುಗಳೇ. ಆದರೆ ಭಯದ ಬೆಲೆಯನ್ನು ಒಮ್ಮೆ ದೊರೆಯಿಂದ ಪಡೆದವನು ಅದೇ ಬೆಲೆಯನ್ನು ಆಳಿನಿಂದಲೂ ಪಡೆಯುವನೋ ಎಂಬುದೇ ಮುಖ್ಯ. ಮುಂಗಡದ ಮೇಲೆ ಬಡ್ಡಿ, ಲೈನುಮನೆಯ ಬಳಿ ತಾನೇ ಇಟ್ಟ ಅಂಗಡಿಯ ಅಕ್ಕಿಯ ಬೆಲೆ, ಹಾಜರಿಯಲ್ಲಿ ಮಾತ್ರ ಇರುವ ಆಳಿನ ಹೆಸರು, ಇವು ಯಾವ ಕರಾರಿನಲ್ಲಿಯೂ ಬರೆದಿಲ್ಲದ ಆದಾಯಗಳು. ದೊರೆಯ ಲೆಕ್ಕ ಆಳಿಗೆ ಕಾಣದು, ಆಳಿನ ಲೆಕ್ಕ ದೊರೆಗೆ ಕಾಣದು. ಎರಡನ್ನೂ ಕಂಡವನು ನಡುವಿನವನೊಬ್ಬನೇ.

ಒಂದು ದೃಷ್ಟಾಂತವನ್ನು ಕಾಗದದ ಮೇಲೆ ಹಾಕಿ ನೋಡೋಣ. ಇಪ್ಪತ್ತು ಆಳುಗಳ ತಂಡ, ಆರು ತಿಂಗಳು, ತಿಂಗಳಿಗೆ ಇಪ್ಪತ್ತೈದು ದಿನ, ದಿನಕ್ಕೆ ನಾಲ್ಕಾಣೆ ಎಂದಿಟ್ಟುಕೊಳ್ಳಿ. ತಂಡದ ಗಳಿಕೆ 750 ರೂಪಾಯಿ. ಮೇಸ್ತ್ರಿಯ ಹತ್ತನೆಯ ಪಾಲು 75 ರೂಪಾಯಿ, ಇದು ದೊರೆಯು ಬೇರೆಯಾಗಿ ಕೊಡತಕ್ಕದ್ದು. ಒಬ್ಬೊಬ್ಬ ಆಳಿನ ಗಳಿಕೆ 37 ರೂಪಾಯಿ 8 ಆಣೆ. ಮೊದಲೇ 15 ರೂಪಾಯಿ ಮುಂಗಡವನ್ನು ಪಡೆದಿದ್ದರೆ, ಅದು ವಜಾ ಆಗಿ ಆತನ ಕೈಗೆ ಉಳಿಯುವುದು 22 ರೂಪಾಯಿ 8 ಆಣೆ. ಈಗ ಕಾಫಿಯ ಬೆಲೆ ಬಿದ್ದು ಕೂಲಿಯು ಮೂರಾಣೆಗೆ ಇಳಿಯಿತೆನ್ನಿ. ಮೇಸ್ತ್ರಿಯ ಪಾಲು 56 ರೂಪಾಯಿ 4 ಆಣೆಗೆ ಇಳಿಯುವುದು, ಎಂದರೆ ಕಾಲುಭಾಗ ಕಡಿಮೆ. ಆಳಿನ ಗಳಿಕೆಯೂ ಕಾಲುಭಾಗವೇ ಇಳಿದು 28 ರೂಪಾಯಿ 2 ಆಣೆಯಾಗುವುದು. ಇಲ್ಲಿಯವರೆಗೆ ಸರಿಯೆಂದೇ ಕಾಣುವುದು. ಆದರೆ ಹಳೆಯ ದರದ ಕಾಲದಲ್ಲಿ ಪಡೆದ 15 ರೂಪಾಯಿ ಮುಂಗಡವು ಇಳಿಯಲಿಲ್ಲ. ಅದನ್ನು ವಜಾ ಮಾಡಿದರೆ ಕೈಗೆ ಉಳಿಯುವುದು 13 ರೂಪಾಯಿ 2 ಆಣೆ. ಸುಮಾರು ಅರ್ಧಕ್ಕೆ ಸಮೀಪ ಇಳಿದಂತಾಯಿತು. ನಾಲ್ಕಾಣೆಯ ಕಾಲದಲ್ಲಿ ಅರುವತ್ತು ದಿನ ದುಡಿದು ತೀರಿಸಬಹುದಾದ ಋಣಕ್ಕೆ ಮೂರಾಣೆಯ ಕಾಲದಲ್ಲಿ ಎಂಬತ್ತು ದಿನ ಬೇಕು. ಯಾರೂ ಮೋಸಮಾಡಬೇಕಾಗಿಲ್ಲ, ಲೆಕ್ಕವೇ ಅದನ್ನು ಮಾಡುತ್ತದೆ. ಸೋರಿ ಹೋಗುವ ನೀರಿನಲ್ಲಿ ಕಲ್ಲು ಮೇಲೆದ್ದು ಕಾಣುವಂತೆ, ಬೆಲೆ ಬಿದ್ದಾಗ ರೂಪಾಯಿಯಲ್ಲಿ ನಿಂತುಕೊಂಡದ್ದು ಯಾವುದೋ ಅದು ದೊಡ್ಡದಾಗುತ್ತದೆ. ಘಟ್ಟದಲ್ಲಿ ಹಾಗೆ ನಿಂತುಕೊಂಡದ್ದು ಆಳಿನ ಋಣ. ನನ್ನ ವಿದ್ಯಾರ್ಥಿಯ ಸಂಗತಿಯಲ್ಲಿ ಏಜೆನ್ಸಿಯ ಹತ್ತು ಸಾವಿರ.

ಈ ಬೆಲೆ ಬೀಳುವ ಕಾಲಗಳು ಒಂದೆರಡಲ್ಲ. 1860ರ ದಶಕದಲ್ಲಿ ಕೊಡಗಿನ ಗಿಡಗಳಿಗೆ ಕಾಂಡಕೊರಕ ಹುಳು ಬಿದ್ದಿತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆರೋಗವು ಕೆಲವೇ ವರ್ಷಗಳಲ್ಲಿ ನಮ್ಮ ಘಟ್ಟಗಳಿಗೂ ಬಂದಿತು. ಸಿಂಹಳದಲ್ಲಿ ಕಾಫಿಯೇ ಅಳಿದು ಚಹವು ಅದರ ಸ್ಥಾನಕ್ಕೆ ಬಂದಿತು. ನಮ್ಮಲ್ಲಿ ಅಷ್ಟು ಆಗಲಿಲ್ಲ. ಆದರೆ 1890ರ ದಶಕದ ಕೊನೆಗೆ ಬ್ರಜಿಲ್ ದೇಶದ ಹೊಸ ತೋಟಗಳ ಬೆಳೆಯು ಲೋಕದ ಪೇಟೆಯನ್ನೇ ತುಂಬಿ ಬೆಲೆಯನ್ನು ಕೆಡವಿತು. ಇದರ ಮೇಲೆ ನಾಣ್ಯದ ಪೆಟ್ಟು ಬೇರೆ. ಬೆಳ್ಳಿಯ ರೂಪಾಯಿಯ ಬೆಲೆ ಇಳಿಯುತ್ತಿದ್ದಷ್ಟು ಕಾಲ, ಲಂಡನ್ನಿನಲ್ಲಿ ಪೌಂಡುಗಳಿಗೆ ಮಾರಿದ ಕಾಫಿಗೆ ಇಲ್ಲಿ ಹೆಚ್ಚು ರೂಪಾಯಿ ಸಿಗುತ್ತಿತ್ತು. 1893ರಲ್ಲಿ ಸರಕಾರವು ಟಂಕಸಾಲೆಗಳಲ್ಲಿ ಜನರ ಬೆಳ್ಳಿಗೆ ನಾಣ್ಯ ಹಾಕುವುದನ್ನು ನಿಲ್ಲಿಸಿದ ಮೇಲೆ ರೂಪಾಯಿಯು ಕ್ರಮೇಣ ಏರಿ 16 ಪೆನ್ನಿಗೆ ನಿಂತಿತು. ದೊರೆಗಳಿಗೆ ಎರಡು ಕಡೆಯಿಂದಲೂ ನಷ್ಟ. ದಕ್ಷಿಣದ ತೋಟಗಾರರೆಲ್ಲ ಕೂಡಿ ತಮ್ಮ ಸಂಯುಕ್ತ ಸಂಘವನ್ನು ಬೆಂಗಳೂರಿನಲ್ಲಿ ಕಟ್ಟಿಕೊಂಡುದೂ ಅದೇ 1893ರಲ್ಲಿ. ಆಳುಗಳ ಸರಬರಾಜು, ಮುಂಗಡ, ಓಡಿಹೋದವರನ್ನು ಹಿಡಿಯುವುದು, ಇವು ಆ ಸಂಘದ ನಿತ್ಯದ ಚರ್ಚಾವಿಷಯಗಳಾದುವು.

ಕೆಲಸ ಕೊಡುವವರಿಗೆ ಸಂಘವಾಯಿತು. ಆಳುಗಳಿಗೆ ಇದ್ದುದು ಮೇಸ್ತ್ರಿಯೊಬ್ಬನೇ. ಒಳ್ಳೆಯ ಕಾಲದಲ್ಲಿ ಆತನು ದೊರೆಯೊಡನೆ ಚೌಕಾಶಿ ಮಾಡಬಲ್ಲವನು: ಇಲ್ಲಿ ಮುಂಗಡ ಸಾಲದಿದ್ದರೆ ಪಕ್ಕದ ತೋಟಕ್ಕೆ ಹೋಗುತ್ತೇನೆಂದು ಹೆದರಿಸಬಲ್ಲವನು. ಇದನ್ನು ತಡೆಯಲಿಕ್ಕೆಂದೇ, ಒಬ್ಬರ ಆಳನ್ನು ಇನ್ನೊಬ್ಬರು ಸೆಳೆಯಬಾರದು, ದರವನ್ನು ಒಬ್ಬೊಬ್ಬರೇ ಏರಿಸಬಾರದು ಎಂದು ತೋಟಗಾರರು ತಮ್ಮೊಳಗೆ ಮಾತುಕೊಡುತ್ತಿದ್ದುದು. ಒಳ್ಳೆಯ ಬೆಳೆಯ ವರ್ಷ ಆ ಮಾತನ್ನು ಮುರಿಯುತ್ತಿದ್ದುದೂ ಅವರೇ. ಕೆಟ್ಟ ಕಾಲದಲ್ಲಿ ಮೇಸ್ತ್ರಿಯ ಹೆದರಿಕೆಗೆ ಬೆಲೆಯಿಲ್ಲ. ಆಗ ತನ್ನ ಪಾಲು ಉಳಿಯಬೇಕಾದರೆ ಆತನು ತಿರುಗಬೇಕಾದುದು ಕೆಳಗಿನ ಕಡೆಗೆ.

ಸಿಂಹಳದ ಉದಾಹರಣೆಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಮೇಸ್ತ್ರಿಗೆ ಕಂಗಾಣಿಯೆಂದು ಹೆಸರು, ಆಳುಗಳು ತಮಿಳುನಾಡಿನವರು. ಒಂದು ತೋಟವನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದಿದ್ದ ಕಂಗಾಣಿಗೆ ದೊರೆಯು ಒಂದು ಚೀಟಿಯನ್ನು ಬರೆದುಕೊಡುತ್ತಿದ್ದನು: ಇವನ ತಂಡದ ಮೇಲೆ ಇಷ್ಟು ಋಣವಿದೆ, ಅದನ್ನು ಕೊಟ್ಟವರಿಗೆ ತಂಡವನ್ನು ಬಿಟ್ಟುಕೊಡಲಾಗುವುದು ಎಂದು. ಅದಕ್ಕೆ ‘ತುಂಡು’ ಎಂದೇ ಹೆಸರು; ನಮ್ಮ ಭಾಷೆಯ ತುಂಡೇ. ಹೊಸ ದೊರೆಯು ಹಳೆಯ ಋಣವನ್ನು ತೀರಿಸಿ, ಮೇಲೆ ಮತ್ತಿಷ್ಟು ಸೇರಿಸಿ ತಂಡವನ್ನು ಪಡೆಯುವನು. ಆ ಹೆಚ್ಚಿನ ಹಣವು ಕಂಗಾಣಿಯ ಕೈಗೆ, ಋಣದ ಬರಹವು ಆಳುಗಳ ತಲೆಗೆ. ಹೀಗೆ ಆಳಿಗೆ ಗೊತ್ತಿಲ್ಲದಂತೆಯೇ ಆಳಿನ ಋಣವು ಬೆಳೆಯುತ್ತಿತ್ತು. ಈ ತುಂಡಿನ ಪದ್ಧತಿಯನ್ನು ಕಾಯಿದೆಯು ತೆಗೆದುಹಾಕಿದ್ದು 1921ರಲ್ಲಿ.

ನಮ್ಮಲ್ಲಿ ಋಣವನ್ನು ಕಾಯುತ್ತಿದ್ದುದು 1859ರ ಹದಿಮೂರನೆಯ ಆಕ್ಟು. ಮುಂಗಡ ಪಡೆದ ಕೆಲಸಗಾರನು ಕೆಲಸಕ್ಕೆ ಬಾರದಿದ್ದರೆ ಒಡೆಯನು ಮ್ಯಾಜಿಸ್ಟ್ರೇಟನಲ್ಲಿಗೆ ಹೋಗಬಹುದು. ಆತನು ಹಣ ಹಿಂದೆ ಕೊಡೆಂದೋ ಕೆಲಸ ಮಾಡೆಂದೋ ಆಜ್ಞಾಪಿಸುವನು. ಆಜ್ಞೆಯನ್ನು ಮೀರಿದರೆ ಮೂರು ತಿಂಗಳ ಪರ್ಯಂತ ಸೆರೆ. ಮೂಲತಃ ಕಲ್ಕತ್ತಾ, ಮದರಾಸು, ಬೊಂಬಾಯಿ ನಗರಗಳಿಗಾಗಿ ಮಾಡಿದ ಈ ಕಾಯಿದೆಯನ್ನು ಇತರ ಪ್ರದೇಶಗಳಿಗೂ ವಿಸ್ತರಿಸಿದರು; ತೋಟಗಳಿಗೆ ಅದು ವರವಾಯಿತು. ಕೂಲಿ ಕೊಡದ ದೊರೆಗೆ ಆ ಕಾಯಿದೆಯಲ್ಲಿ ಏನೂ ಇಲ್ಲ. ಆತನ ಮೇಲೆ ಬೇಕಾದರೆ ಸಿವಿಲ್ ದಾವೆ ಹೂಡಬಹುದು. ನಾಲ್ಕಾಣೆಯ ಆಳು ವಕೀಲನನ್ನು ಹಿಡಿದು ದಾವೆ ಹೂಡಬೇಕು! ಎರಡು ಸಹಸ್ರ ವರ್ಷಗಳಷ್ಟು ಹಿಂದಿನ ಕೌಟಿಲ್ಯನು, ನಿಷ್ಠುರನೆಂದು ಹೆಸರಾದವನು, ತಕ್ಕಡಿಯ ಎರಡು ತಟ್ಟೆಗಳನ್ನೂ ಇಟ್ಟಿದ್ದನು. ಸುಧಾರಿತರೆಂದು ಹೇಳಿಕೊಂಡವರ ಕಾಯಿದೆಯಲ್ಲಿ ಒಂದೇ ತಟ್ಟೆ.

ಈ ಆಕ್ಟನ್ನು 1925ರ ಕಾಯಿದೆಯೊಂದರಿಂದ ರದ್ದುಪಡಿಸಿದರು. ರದ್ದತಿಯು 1926ರ ಏಪ್ರಿಲಿನಿಂದ ಜಾರಿಗೆ ಬಂದಿತು. ಕೊಡಗಿನ ತೋಟಗಾರರಾದರೋ ಅಷ್ಟು ಸುಲಭವಾಗಿ ಬಿಡಲಿಲ್ಲ. ಅಲ್ಲಿ 1926ರಲ್ಲಿ ಕೊಡಗು ಲೇಬರ್ ಆಕ್ಟು ಎಂಬ ಪ್ರತ್ಯೇಕ ಕಾಯಿದೆ ಬಂದು, ಕರಾರು ಮುರಿದ ಆಳಿಗೆ ದಂಡನೆಯು 1931ರವರೆಗೂ ಮುಂದುವರಿಯಿತು. ಇದೇ ಕಾಲದಲ್ಲಿ, 1929ರಲ್ಲಿ, ಹ್ವಿಟ್ಲಿ ಎಂಬವರ ಅಧ್ಯಕ್ಷತೆಯಲ್ಲಿ ಭಾರತದ ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಲು ರಾಯಲ್ ಕಮಿಷನು ನೇಮಕವಾಗಿ, 1931ರಲ್ಲಿ ವರದಿಯನ್ನೊಪ್ಪಿಸಿತು. ಬೊಂಬಾಯಿಯ ಗಿರಣಿಗಳ ಜಾಬರನು ಕೆಲಸ ಕೊಡಿಸಲು ದಸ್ತೂರಿ ಪಡೆಯುವುದನ್ನೂ, ತೆಗೆಯುವ ಹಾಕುವ ಅಧಿಕಾರವು ಅವನ ಕೈಯಲ್ಲಿರುವುದನ್ನೂ ಆ ವರದಿಯು ಖಂಡಿಸಿತು. ನಡುವಿನವನ ವಿಚಾರವು ಸರಕಾರದ ಮುಂದೆ ಇಷ್ಟು ಸ್ಪಷ್ಟವಾಗಿ ಬಂದುದು ಆಗಲೇ ಎನ್ನಬೇಕು.

ಕೊಡಗಿನಲ್ಲಿ ಸೆರೆಯ ಭಯವು ತೀರಿದ ಆ 1931 ಎಂಥ ವರ್ಷ! ಎರಡು ವರ್ಷ ಮೊದಲು ನ್ಯೂಯಾರ್ಕಿನಲ್ಲಿ ಆರಂಭವಾದ ಮುಗ್ಗಟ್ಟು ಲೋಕವನ್ನೆಲ್ಲ ವ್ಯಾಪಿಸಿತ್ತು. ಕೊಳ್ಳುವವರಿಲ್ಲದೆ ಬ್ರಜಿಲಿನಲ್ಲಿ ಕಾಫಿಯನ್ನು ಸುಡತೊಡಗಿದರು. 1931ರಿಂದ 1944ರವರೆಗೆ ಅಲ್ಲಿ ನಾಶಮಾಡಿದ ಕಾಫಿಯು ಸುಮಾರು 7 ಕೋಟಿ 80 ಲಕ್ಷ ಚೀಲ. ಹೀಗಿರಲು ನಮ್ಮ ಘಟ್ಟದಲ್ಲಿ ಓಡಿಹೋದ ಆಳನ್ನು ಹಿಡಿತರುವ ಅಗತ್ಯವೇ ದೊರೆಗಳಿಗಿರಲಿಲ್ಲ. ಬಂದವರನ್ನು ಹಿಂದಕ್ಕೆ ಕಳುಹುವುದೇ ಕೆಲಸವಾಗಿತ್ತು. ಕಾಯಿದೆಯು ಆಳನ್ನು ಬಿಟ್ಟುದು, ಆತನನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಲಾಭವಿಲ್ಲದಿದ್ದಾಗ. ದಯೆಯೂ ಅನುಕೂಲವೂ ಒಂದೇ ದಿನ ಬಂದುವೆಂದು ತೋರುತ್ತದೆ.

ಆ ಮುಗ್ಗಟ್ಟಿನಲ್ಲಿ ಅಕ್ಕಿಯ ಬೆಲೆಯೂ ಬಿದ್ದಿತಲ್ಲ, ಕೂಲಿ ಇಳಿದರೆ ನಷ್ಟವೇನು ಎಂದು ಕೇಳುವವರುಂಟು. ಮಾತು ನ್ಯಾಯವಾಗಿಯೇ ಇದೆ. ದಿನದ ಕೂಲಿಯಿಂದ ದಿನದ ಅಕ್ಕಿಯನ್ನು ಕೊಳ್ಳುವವನಿಗೆ ಎರಡೂ ಒಟ್ಟಿಗೆ ಇಳಿದರೆ ಅಷ್ಟು ಬಾಧೆಯಿಲ್ಲ. ಆದರೆ ನಮ್ಮ ಆಳು ಹಳೆಯ ರೂಪಾಯಿಯ ಋಣವನ್ನು ಹೊತ್ತವನು. ಅಕ್ಕಿ ಇಳಿದರೂ ಋಣ ಇಳಿಯದು. ಊರಿನಲ್ಲಿ ಭೂಮಾಲಿಕನಿಗೆ ತೀರ್ವೆಯು ಇಳಿಯದೆ ಅಕ್ಕಿಯ ಬೆಲೆ ಮಾತ್ರ ಇಳಿದಾಗ ಆದ ಸಂಕಟವನ್ನು ನಮ್ಮ ಓದುಬರಹ ಬಲ್ಲ ಮನೆತನಗಳವರು ಅರ್ಜಿಗಳಲ್ಲಿ ಬರೆದು ಸರಕಾರಕ್ಕೆ ಕಳುಹಿದರು. ಅದೇ ಸಂಕಟವನ್ನು ಲೈನುಮನೆಯಲ್ಲಿ ಅನುಭವಿಸಿದವನ ಅರ್ಜಿಯನ್ನು ಬರೆದುಕೊಡುವವರಿರಲಿಲ್ಲ.

ಜನಗಣತಿಯು ಮಾತ್ರ ಅಂಥವರ ಬರುವಿಕೆ ಹೋಗುವಿಕೆಗಳನ್ನು ಸ್ವಲ್ಪ ತೋರಿಸುತ್ತದೆ. ಕೊಡಗಿನ ಜನಸಂಖ್ಯೆಯು 1901ರಲ್ಲಿ 1,80,607 ಇದ್ದುದು 1911ರಲ್ಲಿ 1,74,976ಕ್ಕೂ 1921ರಲ್ಲಿ 1,63,838ಕ್ಕೂ ಇಳಿಯಿತು. ಇದರಲ್ಲಿ 1918ರ ಇನ್‌ಫ್ಲುಯೆಂಜಾ ರೋಗದ ಪಾಲೂ ಇದೆ. ಆದರೆ ಗಣತಿಯು ನಡೆಯುತ್ತಿದ್ದುದು ತೋಟಗಳಲ್ಲಿ ಹೊರಗಿನ ಆಳುಗಳು ತುಂಬಿರುವ ಬೇಸಗೆಯ ಆರಂಭದಲ್ಲಾದುದರಿಂದ, ಕಾಫಿಯು ಸೊರಗಿದಂತೆ ಬರುವವರ ಸಂಖ್ಯೆಯೂ ಸೊರಗಿತೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ. ಬಾರದೆ ಉಳಿದವರು ಏನು ಮಾಡಿದರು? ಕೆಲವರು ಮಂಗಳೂರಿನ ಹಂಚಿನ ಕಾರ್ಖಾನೆಗಳಿಗೆ ಹೋದರು, ಕೆಲವರು ಬೊಂಬಾಯಿಯ ಹಾದಿ ಹಿಡಿದರು. ಬಹುಮಂದಿ ಹಳೆಯ ಒಡೆಯನ ಗದ್ದೆಗೇ ಮರಳಿದರು.

ಸ್ವಾತಂತ್ರ್ಯದ ಅನಂತರದ ಕಾಯಿದೆಗಳನ್ನು ವಿಸ್ತರಿಸುವುದಿಲ್ಲ. 1948ರ ಕನಿಷ್ಠ ವೇತನದ ಕಾಯಿದೆ, 1951ರ ತೋಟಕಾರ್ಮಿಕರ ಕಾಯಿದೆ, 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ, 1976ರ ಜೀತವಿಮುಕ್ತಿಯ ಕಾಯಿದೆ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಎಂಬಿವು ಒಂದಾದ ಮೇಲೊಂದು ಬಂದುವು. ಇವುಗಳಲ್ಲಿ 1970ರದು ನಮ್ಮ ವಿಷಯಕ್ಕೆ ಹತ್ತಿರದ್ದು. ಅದರ ಮೇರೆಗೆ ಗುತ್ತಿಗೆದಾರನು ಲೈಸೆನ್ಸು ಪಡೆಯಬೇಕಾಗಿತ್ತು. ಆತನು ಕೂಲಿ ಕೊಡದಿದ್ದರೆ ಮುಖ್ಯ ಒಡೆಯನೇ ಕೊಡಬೇಕಾಗಿತ್ತು. ಆ ಕಾಯಿದೆಯ ಕೇಂದ್ರ ನಿಯಮಗಳ ಪ್ರಕಾರ, ಒಡೆಯನ ಸ್ವಂತ ಆಳು ಮಾಡುವ ಕೆಲಸವನ್ನೇ ಮಾಡುವ ಗುತ್ತಿಗೆಯ ಆಳಿಗೆ ಅದೇ ಕೂಲಿ ಸಲ್ಲಬೇಕಾಗಿತ್ತು. ಒಡೆಯನಿಗೆ ಹೊಣೆಯನ್ನು ಕಟ್ಟಿದುದರಿಂದ ಕೌಟಿಲ್ಯನ ಎರಡನೆಯ ತಟ್ಟೆಯು ಮರಳಿ ಬಂದಂತಾಯಿತು. ಆದರೆ ಗುತ್ತಿಗೆದಾರನ ಪಾಲು ಇಷ್ಟನ್ನು ಮೀರಬಾರದೆಂದಾಗಲಿ, ಆ ಪಾಲನ್ನು ಆಳಿಗೆ ತಿಳಿಸತಕ್ಕದ್ದೆಂದಾಗಲಿ ಅದರಲ್ಲಿ ಹೇಳಲಿಲ್ಲ.

ಪಾಲಿಗೆ ಮಿತಿಯನ್ನಿಟ್ಟುದು ಬೇರೊಂದು ಕಡೆ. ನಮ್ಮ ಉಡುಪಿ, ಕಾಪು, ಕಾರ್ಕಳಗಳ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿಯ ದೇಶಗಳಲ್ಲಿದ್ದಾರಷ್ಟೆ. ಅವರನ್ನು ಕಳುಹುವ ಏಜೆಂಟರು 1983ರ ವಲಸೆ ಕಾಯಿದೆಯ ಮೇರೆಗೆ ನೋಂದಾಯಿಸಿಕೊಳ್ಳಬೇಕು. ಹೋಗುವವನಿಂದ ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ ನಿಯಮಗಳು 30,000 ರೂಪಾಯಿಯ ಮೇಲ್ಮಿತಿಯನ್ನಿಟ್ಟು, ತೆರಿಗೆಯನ್ನು ಬೇರೆಯೆಂದಿವೆ. ಈ ಮಿತಿಯೊಳಗೆ ವೀಸಾ ಪಡೆದೆನೆಂದು ಹೇಳಿದವರು ನಮ್ಮೂರಿನಲ್ಲಿ ನನಗೆ ಹೆಚ್ಚಾಗಿ ಸಿಕ್ಕಿಲ್ಲ. ಚಿನ್ನ ಅಡವಿಟ್ಟು ಹೋದ ಹುಡುಗನು, 2015ರ ಸುಮಾರಿಗೆ ಎಣ್ಣೆಯ ಬೆಲೆ ಬಿದ್ದು ಅಲ್ಲಿ ಸಂಬಳ ಇಳಿಸಿದಾಗ, ಸೊಸೈಟಿಯ ಸಾಲದ ಕಂತನ್ನು ಹಳೆಯ ಲೆಕ್ಕದಲ್ಲಿಯೇ ಕಟ್ಟಬೇಕಾಯಿತು. ಘಟ್ಟದ ಹದಿನೈದು ರೂಪಾಯಿಯು ಸಮುದ್ರವನ್ನು ದಾಟಿತು.

ಇನ್ನು ನನ್ನ ವಿದ್ಯಾರ್ಥಿಯ ಮಾತು. ಮರುದಿನ ಆತನನ್ನು ಕರೆದು ಮೇಲಿನ ಕಥೆಯನ್ನು ಸ್ಥೂಲವಾಗಿ ಹೇಳಿ, “ನಿನಗೆ ಋಣವಿಲ್ಲ, ಅದೊಂದು ನಿನ್ನ ಭಾಗ್ಯ. ನಿನ್ನಂತೆ ಅದೇ ಏಜೆನ್ಸಿಯ ಮೂಲಕ ಅದೇ ಸಂಸ್ಥೆಗೆ ಹೋದವರು ಎಷ್ಟು ಮಂದಿ?” ಎಂದು ಕೇಳಿದೆನು. ಒಂಬತ್ತು ಮಂದಿ ಎಂದನು. ಅವರ ಸಂಬಳವೆಷ್ಟು ಎಂದರೆ ತಿಳಿಯದು. ಕೇಳಬಾರದೆಂದು ಏಜೆನ್ಸಿಯವರು ಹೇಳಿದ್ದರಂತೆ. “ಮೊದಲು ಅದನ್ನು ಕೇಳು” ಎಂದೆನು. ಹೆಚ್ಚಿನದೇನನ್ನೂ ಹೇಳಲು ನನಗೆ ತಿಳಿದಿರಲಿಲ್ಲ.

ಒಂಬತ್ತರಲ್ಲಿ ಇಬ್ಬರು ಹೆದರಿ ಹಿಂದೆ ಸರಿದರಂತೆ. ಉಳಿದ ಏಳು ಮಂದಿ ತಮ್ಮ ತಮ್ಮ ಅಂಕೆಗಳನ್ನು ಒಂದೆಡೆ ಇಟ್ಟು ನೋಡಿದಾಗ, ಒಂದೇ ಕೆಲಸಕ್ಕೆ ಮೂರು ಬಗೆಯ ಸಂಬಳಗಳಿದ್ದುವು. ಸಂಸ್ಥೆಯು ಎಷ್ಟು ಇಳಿಸಿತೆಂಬುದನ್ನು ಒಬ್ಬೊಬ್ಬರಿಗೆ ಒಂದೊಂದು ರೀತಿಯಾಗಿ ಹೇಳಿದ್ದರು. ಏಳೂ ಮಂದಿ ಒಂದೇ ಕಾಗದಕ್ಕೆ ಸಹಿ ಹಾಕಿ, ಇಳಿದುದರಲ್ಲಿ ಅರ್ಧವನ್ನು ಏಜೆನ್ಸಿಯು ಹೊರಬೇಕೆಂದು ಕೇಳಿದರು. ಮೂರು ವಾರ ಉತ್ತರವಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಫೋನಿನಲ್ಲಿ ಕರೆದು ಮಾತಾಡಿದರಂತೆ. ಇವರು ಒಟ್ಟಿಗೆ ಅಲ್ಲದೆ ಮಾತಾಡುವುದಿಲ್ಲವೆಂದರು. ಮುಂದಿನ ತಿಂಗಳು ನನ್ನ ವಿದ್ಯಾರ್ಥಿಗೆ 37,500 ರೂಪಾಯಿ ಬಂತು. ಸಹಿ ಹಾಕದ ಆ ಇಬ್ಬರಿಗೂ ಅದೇ ಪ್ರಮಾಣದಲ್ಲಿ ಬಂತೆಂದು ಆತನು ಸ್ವಲ್ಪ ಅಸಮಾಧಾನದಿಂದಲೇ ಹೇಳಿದನು.